ಆಕಾಶದ ಕಣ್ಣು ಊರವರ ಕೈಗೆ ಬಂತು!

35 ನಿಮಿಷ! ಪೆರು ದೇಶದ ಅಮೆಜಾನ್ ಕಾಡಿನೊಳಗೆ ಕೊಂಟಮಾನಾ ಎಂಬ ಪಟ್ಟಣವಿದೆ. ಅಲ್ಲಿಂದ ಪಂಪಾ ಎರ್ಮೋಸಾ ಎಂಬ ಹಳ್ಳಿಗೆ ಹೋಗಬೇಕೆಂದರೆ ನದಿಯೇ ದಾರಿ, ದೋಣಿಯೇ ವಾಹನ. ಆರು ಗಂಟೆಯವರೆಗೂ ಹಿಡಿಯುತ್ತದೆ. ಹಾವು ಕಚ್ಚಿದವರ ಪಾಲಿಗೆ ಆರು ಗಂಟೆ ಎಂದರೇನು ಎಂಬುದನ್ನು ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2016ರ ಕೊನೆಯಲ್ಲಿ ಅದೇ ಕಾಡಿನ ನೆತ್ತಿಯ ಮೇಲೆ ಒಂದು ಪುಟ್ಟ ಡ್ರೋನ್ ಹಾವಿನ ವಿಷಕ್ಕೆ ಕೊಡುವ ಮದ್ದನ್ನು ಹೊತ್ತು ಹಾರಿತು. ಸುಮಾರು 35 ನಿಮಿಷದಲ್ಲಿ ಹಳ್ಳಿಯಲ್ಲಿತ್ತು!

ಈ ಹಾರಾಟದ ಹಿಂದಿದ್ದದ್ದು ವೀರೋಬೋಟಿಕ್ಸ್ ಎಂಬ ಲಾಭರಹಿತ ಸಂಸ್ಥೆ ಮತ್ತು ಅದರ ಜೊತೆಗೂಡಿದ ಪೆರು ಫ್ಲೈಯಿಂಗ್ ಲ್ಯಾಬ್ಸ್. ಇವರ ಕತೆಯನ್ನು ಬಗೆದಷ್ಟೂ ಬೆರಗು ಹೆಚ್ಚುತ್ತದೆ. ಡ್ರೋನ್ ಎಂದರೆ ನಮಗೆ ಮೊದಲು ನೆನಪಾಗುವುದು ಯುದ್ಧ, ಆಮೇಲೆ ಮದುವೆ ವಿಡಿಯೊ. ಇವೆರಡರ ನಡುವೆ ಇಷ್ಟು ದೊಡ್ಡ ಲೋಕವೊಂದು ತೆರೆದುಕೊಂಡಿದೆಯೆಂದು ಎಷ್ಟು ಜನರಿಗೆ ಗೊತ್ತು?

ಕತೆ ಬಿಗಿಯಾಗುವುದು ನೇಪಾಳದಲ್ಲಿ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ, ಸುಮಾರು ಒಂಬತ್ತು ಸಾವಿರ ಸಾವು. ನೆರವಿಗೆಂದು ದೇಶದೇಶಗಳಿಂದ ಡ್ರೋನ್ ತಂಡಗಳು ಬಂದಿಳಿದವು. ಅನುಮತಿಯ ಗೊಂದಲ ಎದ್ದಿತು. ತೆಗೆದ ಚಿತ್ರಗಳೆಷ್ಟೋ ನೇಪಾಳದವರಿಗೆ ದಕ್ಕಲೇ ಇಲ್ಲ. ಮನೆ ಕಳೆದುಕೊಂಡವರ ತಲೆಯ ಮೇಲೆಯೇ ಹಾರಿ ತೆಗೆದ ಚಿತ್ರ, ಅವರಿಗೇ ಇಲ್ಲ! ಹೇಟಿಯ 2010ರ ಭೂಕಂಪದ ಹೊತ್ತಿನಲ್ಲಿ ಆನ್‌ಲೈನ್ ವಿಪತ್ತು ನಕ್ಷೆ ಕಟ್ಟಿ ಹೆಸರಾಗಿದ್ದ ಮತ್ತು ಮುಂದೆ ವೀರೋಬೋಟಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಪ್ಯಾಟ್ರಿಕ್ ಮೇಯರ್ 2015ರಲ್ಲೇ ನೇಪಾಳಕ್ಕೆ ಬಂದಾಗ ಬೇರೆ ದಾರಿ ಹಿಡಿದರು. ಕಠ್ಮಂಡು ವಿಶ್ವವಿದ್ಯಾಲಯ ಮತ್ತು ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಜೊತೆ ಸೇರಿ ಸ್ಥಳೀಯರಿಗೇ ಹಾರಿಸಲು, ಚಿತ್ರ ಜೋಡಿಸಲು ತರಬೇತಿ ಕೊಡಿಸಿದರು. ಕೀರ್ತಿಪುರದ ಬಳಿಯ ಪಾಂಗಾ ಎಂಬ ಊರಿನ ಮೇಲೆ ಡ್ರೋನ್ ಹಾರಿತು.

ಮುಂದೆ ಆದದ್ದನ್ನು ಓದಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆ ಚಿತ್ರಗಳಿಂದ ಮಾಡಿದ ನಕ್ಷೆಯನ್ನು ಕಂಪ್ಯೂಟರಿನೊಳಗೆ ಬಿಡಲಿಲ್ಲ. ಸುತ್ತಿಡಬಹುದಾದ ದೊಡ್ಡ ಬ್ಯಾನರಿನ ಮೇಲೆ ಮುದ್ರಿಸಿ ಪಾಂಗಾದ ಜನರ ಮುಂದೆ ಹಾಸಿದರು! ಇದು ನಮ್ಮ ಮನೆ, ಇದು ಬಿದ್ದ ಗೋಡೆ, ಇಲ್ಲಿ ದಾರಿ ಮುಚ್ಚಿದೆ ಎಂದು ಊರವರೇ ಗುರುತು ಹಾಕಬಹುದಾದ ನಕ್ಷೆ. ಹಕ್ಕಿಗೆ ಕಾಣುವ ನೋಟ ಊರಿನ ಹಿರಿಯರ ಬೆರಳ ತುದಿಗೆ ಇಳಿದು ಬಂದಿತ್ತು.

ಇಂಥ ನಕ್ಷೆ ಹುಟ್ಟುವ ಬಗೆಯೂ ಸೋಜಿಗವೇ. ಡ್ರೋನ್ ಗದ್ದೆ ಉತ್ತಂತೆ ಸಾಲು ಹಿಡಿದು ಹಾರುತ್ತದೆ, ಕೆಲವು ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಒಂದು ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲೂ ಇರಲೇಬೇಕು, ಸಾಮಾನ್ಯವಾಗಿ ನೂರಕ್ಕೆ ಎಪ್ಪತ್ತರಷ್ಟಾದರೂ. ಒಂದೇ ಮನೆಯ ಮೂಲೆ ಹಲವು ಚಿತ್ರಗಳಲ್ಲಿ ಹಲವು ಕೋನಗಳಿಂದ ಕಾಣುತ್ತದೆ. ನಮ್ಮ ಎರಡು ಕಣ್ಣು ಸೇರಿ ದೂರ ಅಳೆಯುವ ಲೆಕ್ಕವನ್ನೇ ತಂತ್ರಾಂಶ ಲಕ್ಷಾಂತರ ಬಿಂದುಗಳಿಗೆ ಮಾಡಿ, ಎಲ್ಲ ಚಿತ್ರಗಳನ್ನೂ ಹೊಲಿದು ಒಂದೇ ನಕ್ಷೆ ಮಾಡುತ್ತದೆ. ಅಷ್ಟೇ ಅಲ್ಲ, ನೆಲದ ಏರಿಳಿತವೂ ಕೈಗೆ ಸಿಗುತ್ತದೆ. ಏರಿಳಿತ ಗೊತ್ತಾಯಿತೆಂದರೆ ಮಳೆನೀರು ಯಾವ ಓಣಿಗೆ ನುಗ್ಗೀತು ಎಂಬುದನ್ನು ಮಳೆ ಬೀಳುವ ಮೊದಲೇ ಹೇಳಬಹುದು!

ಹಾಗೆ ಹೇಳಲೇಬೇಕಾದ ತುರ್ತು ಇದ್ದ ಊರು ತಾಂಜಾನಿಯಾದ ದಾರ್ ಎಸ್ ಸಲಾಮ್. ನಕ್ಷೆಯಲ್ಲೇ ಇಲ್ಲದ ಕಿಕ್ಕಿರಿದ ಬಡಾವಣೆಗಳು, ವರ್ಷವರ್ಷವೂ ನೆರೆ. 2015ರಲ್ಲಿ ಶುರುವಾದ ರಮಾನಿ ಹೂರಿಯಾ ಯೋಜನೆಯಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಬಡಾವಣೆಯ ಜನರ ಜೊತೆ ಓಣಿ ಓಣಿ ನಡೆದು ಚರಂಡಿ, ಮನೆ, ನೀರಿನ ನಲ್ಲಿ ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದರು. ಮೇಲಿನಿಂದ ಡ್ರೋನಿನ ಚಿತ್ರ, ಕೆಳಗೆ ಕಾಲ್ನಡಿಗೆಯ ತಿಳಿವು. ಡ್ರೋನ್ ಸೂರನ್ನು ತೋರಿಸೀತು. ಹೋದ ವರ್ಷ ನೀರು ಮೊಣಕಾಲಿಗೆ ಬಂದಿತ್ತೋ ಎದೆಗೆ ಬಂದಿತ್ತೋ ಎಂಬುದನ್ನು ಆ ಸೂರಿನಡಿ ಇರುವ ತಾಯಿಯೇ ಹೇಳಬೇಕು.

ಸಮುದ್ರದಾಚೆ ಜಾಂಜಿಬಾರ್‌ನಲ್ಲಿ ಇನ್ನೂ ದೊಡ್ಡ ಸಾಹಸ. 2016ರಲ್ಲಿ ಭೂ ಆಯೋಗ, ಜಾಂಜಿಬಾರ್ ರಾಜ್ಯ ವಿಶ್ವವಿದ್ಯಾಲಯ ಮತ್ತು ವಿಶ್ವಬ್ಯಾಂಕ್ ಸೇರಿ ದ್ವೀಪಗಳ ಸುಮಾರು 2,300 ಚದರ ಕಿಲೋಮೀಟರನ್ನು ಡ್ರೋನಿನಿಂದ ನಕ್ಷೆಗಿಳಿಸಲು ಹೊರಟವು. ಬಳಸಿದ್ದು ಈಬೀ ಎಂಬ ಯಂತ್ರ. ಫೋಮ್‌ನಿಂದ ಮಾಡಿದ ಮೈ, ತೂಕ ಒಂದು ಕಿಲೋ ಕೂಡ ಇಲ್ಲ, ಕೈಯಿಂದ ತೂರಿದರೆ ಹಾರಿಹೋಗುತ್ತದೆ! ಹಾರಿಸಲು ಕಲಿತವರು ಅಲ್ಲಿನ ವಿದ್ಯಾರ್ಥಿಗಳು. ಹಿಂದೆ ಇದಕ್ಕೆ ವಿಮಾನ ತರಿಸಬೇಕಿತ್ತು. ಈ ಸಲ ಕಾಲೇಜಿನ ಹುಡುಗ ಹುಡುಗಿಯರು ತಮ್ಮ ದ್ವೀಪದ ಒಂದೊಂದು ಸೂರನ್ನೂ ತಾವೇ ಎಣಿಸಿದರು.

ಇನ್ನು ಸೊಳ್ಳೆಗಳ ವಿಷಯ. ಹೌದು, ಸೊಳ್ಳೆಗಳೇ! ಬ್ರೆಜಿಲ್‌ನ ಜುವಾಜೇರೊ ಪ್ರದೇಶದಲ್ಲಿ 2018ರಲ್ಲಿ ವೀರೋಬೋಟಿಕ್ಸ್ ಮತ್ತು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಸೇರಿ ಡ್ರೋನಿನಿಂದ ಸೊಳ್ಳೆಗಳನ್ನು ಬಿಟ್ಟವು. ವಿಕಿರಣ ಹಾಯಿಸಿ ಸಂತಾನಶಕ್ತಿ ತೆಗೆದ ಗಂಡು ಸೊಳ್ಳೆಗಳು. ಗಂಡು ಕಚ್ಚುವುದಿಲ್ಲ, ಅದರೊಡನೆ ಕೂಡಿದ ಹೆಣ್ಣು ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಡೆಂಗಿ, ಜಿಕಾ ಹರಡುವ ಸಂತತಿ ಹಾಗೇ ಇಳಿಯುತ್ತ ಹೋಗಬೇಕೆಂಬುದು ಲೆಕ್ಕ. ಆದರೆ ಸೊಳ್ಳೆಯ ಕಾಲು ರೆಕ್ಕೆ ಮುರಿಯದಂತೆ ಸಾಗಿಸುವುದು ಹೇಗೆ? ಡ್ರೋನಿನ ಪೆಟ್ಟಿಗೆಯನ್ನು ತಂಪಾಗಿಟ್ಟರು. ತಂಪಿನಲ್ಲಿ ಅವು ಮರಗಟ್ಟಿ ನಿದ್ದೆ ಹೋಗುತ್ತವೆ, ಗಾಳಿಗೆ ಬಿದ್ದೊಡನೆ ಬೆಚ್ಚಗಾಗಿ ಎಚ್ಚರಗೊಂಡು ಹಾರುತ್ತವೆ! ಇದನ್ನು ಯೋಚಿಸಿದ ತಲೆಗೆ ನಮಸ್ಕಾರ.

ನೇಪಾಳ, ತಾಂಜಾನಿಯಾ, ಪೆರು, ಹೀಗೆ ಫ್ಲೈಯಿಂಗ್ ಲ್ಯಾಬ್ಸ್ ಮೊದಲು ಬೇರು ಬಿಟ್ಟದ್ದು ಮೂರೇ ಕಡೆ. ಇಂದು ಅದು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಹತ್ತಾರು ದೇಶಗಳಿಗೆ ಹಬ್ಬಿದೆ, ಭಾರತದಲ್ಲೂ ಇದೆ. ಹಬ್ಬಿದ ರೀತಿಯೇ ಅದರ ಗುಟ್ಟು. ಯಾವ ದೇಶದ ಲ್ಯಾಬನ್ನೂ ಹೊರಗಿನಿಂದ ಬಂದ ಅಧಿಕಾರಿ ನಡೆಸುವುದಿಲ್ಲ. ಅಲ್ಲೇ ಇರುವ ಸಂಸ್ಥೆಯೇ ನಡೆಸುತ್ತದೆ, ಸಮಸ್ಯೆ ಯಾವುದು ಎಂದು ಅದೇ ಆರಿಸುತ್ತದೆ, ಮಕ್ಕಳಿಗೆ ಪಾಠವನ್ನೂ ಅದೇ ಮಾಡುತ್ತದೆ. ಒಂದು ದೇಶದವರು ಕಲಿತದ್ದನ್ನು ಇನ್ನೊಂದು ದೇಶದವರಿಗೆ ನೇರವಾಗಿ ಕಲಿಸುತ್ತಾರೆ. ತಜ್ಞರು ಬಂದು ಹಾರಿಸಿ ಹೊರಟುಹೋದರೆ ಊರಿಗೆ ಉಳಿಯುವುದು ಒಂದು ನಕ್ಷೆ, ಅದೂ ಮುಂದಿನ ಮಳೆಗೆ ಹಳತಾಗುತ್ತದೆ. ಊರಲ್ಲೇ ಹಾರಿಸುವವರಿದ್ದರೆ ಬೇಕಾದಾಗಲೆಲ್ಲ ಹೊಸ ನಕ್ಷೆ. ಇಡೀ ಪ್ರಯೋಗದ ತಿರುಳು ಇದೇ ಎಂದು ನನ್ನ ನಂಬಿಕೆ.

ಬೇರೆಯದೇ ಹಾದಿಯಲ್ಲಿ ಮಲಾವಿಯೂ ಇಲ್ಲಿಗೇ ಬಂದು ಮುಟ್ಟಿದೆ. ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ 2017ರ ಜೂನ್‌ನಲ್ಲಿ ಕಸುಂಗುವಿನಲ್ಲಿ ಡ್ರೋನ್ ಪ್ರಯೋಗಕ್ಕೆಂದೇ 40 ಕಿಲೋಮೀಟರ್ ತ್ರಿಜ್ಯದ ಆಕಾಶವನ್ನು ಮೀಸಲಿಟ್ಟವು. 2020ರ ಜನವರಿಯಲ್ಲಿ ರಾಜಧಾನಿ ಲಿಲೊಂಗ್ವೆಯಲ್ಲಿ ಆಫ್ರಿಕನ್ ಡ್ರೋನ್ ಮತ್ತು ಡೇಟಾ ಅಕಾಡೆಮಿಯ ಬಾಗಿಲು ತೆರೆಯಿತು. ಮೊದಲ ತಂಡದಲ್ಲಿ 26 ವಿದ್ಯಾರ್ಥಿಗಳು, ಆಫ್ರಿಕಾದ ಹಲವು ದೇಶಗಳವರು. ಪಾಠಕ್ಕೆ ಜೊತೆಯಾದದ್ದು ಅಮೆರಿಕದ ವರ್ಜೀನಿಯಾ ಟೆಕ್. ಅಲ್ಲಿನವರು ರೂಪಿಸಿದ ಇಕೋಸೋರ್ ಎಂಬ ಡ್ರೋನ್ ಇದೆಯಲ್ಲ, ಅದರ ರೆಕ್ಕೆಯೇ ಫೋಮ್ ಹಲಗೆಯದು, ಕೆಲವು ಬಿಡಿಭಾಗಗಳು 3ಡಿ ಪ್ರಿಂಟರಿನಲ್ಲಿ ಅಚ್ಚಾದವು. ಮುರಿದರೆ? ಮಾಡಲು ಕಲಿತವರು ಮತ್ತೆ ಮಾಡುತ್ತಾರೆ!

ನಮ್ಮ ಕರ್ನಾಟಕದ ಆಕಾಶವೂ ಸುಮ್ಮನಿಲ್ಲ. 2020ರ ಏಪ್ರಿಲ್ 24ರಂದು ಘೋಷಣೆಯಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ ಜಾಗಗಳನ್ನು ಡ್ರೋನಿನಿಂದ ಅಳೆಯಲು ಶುರುಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. 2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಡ್ರೋನ್ ದೀದಿ ಯೋಜನೆಯ ಗುರಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಸಿಂಪಡಿಸುವ ಡ್ರೋನ್ ಮತ್ತು 15 ದಿನಗಳ ತರಬೇತಿ ಕೊಡುವುದು.

ಇಷ್ಟಾದ ಮೇಲೆ ಶಾಲೆಗಳು ಯಾಕೆ ಕಾಯಬೇಕು? 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಒಳಗಿನ ನ್ಯಾನೊ ಡ್ರೋನ್ ಹಾರಿಸಲು ಪೈಲಟ್ ಪ್ರಮಾಣಪತ್ರವೇ ಬೇಕಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗೆ ಮೊದಲೇ ಅನುಮತಿ ಕೇಳಬೇಕಿಲ್ಲ. ಚಿತ್ರಗಳನ್ನು ಹೊಲಿದು ನಕ್ಷೆ ಮಾಡುವ ಓಪನ್‌ಡ್ರೋನ್‌ಮ್ಯಾಪ್ ತಂತ್ರಾಂಶ ಉಚಿತ. ಬ್ಯಾನರ್ ಅಚ್ಚು ಹಾಕುವ ಫ್ಲೆಕ್ಸ್ ಅಂಗಡಿ ತಾಲ್ಲೂಕು ಕೇಂದ್ರದಲ್ಲಿ ಇದ್ದೇ ಇದೆ. ವಿಜ್ಞಾನದ ಮೇಷ್ಟ್ರೊಬ್ಬರು ಮನಸ್ಸು ಮಾಡಿ ಹೈಸ್ಕೂಲಿನ ಮಕ್ಕಳನ್ನು ಊರ ಕೆರೆಯ ಏರಿಗೆ ಕರೆದೊಯ್ದರೆ, ಮುಂದಿನ ಗ್ರಾಮಸಭೆಯಲ್ಲಿ ಕೆರೆಯ ಒತ್ತುವರಿ ಎಲ್ಲಿದೆ, ಕಾಲುವೆ ಎಲ್ಲಿ ಮುಚ್ಚಿದೆ ಎಂದು ಮಕ್ಕಳೇ ನಕ್ಷೆ ಹಾಸಿ ತೋರಿಸಬಹುದು!