ಓಆರ್‌ಎಸ್: ಲ್ಯಾಬ್‌ನಿಂದ ಲೋಟಕ್ಕೆ

ಇವತ್ತಿನ ಎಪಿಸೋಡ್‌ನ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ಅಕ್ಕನ ಮಗಳಿಗೆ ಭೇದಿ. "ಬೇಗ ಓಆರ್‌ಎಸ್ ತಗೊಂಡು ಬಾರೋ" ಅಂದ್ಳು ಅಕ್ಕ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಜ್ಯೂಸ್ ಥರದ ಪ್ಯಾಕ್ ತಂದು, ಸ್ಟ್ರಾ ಹಾಕಿ ಕುಡಿಸಿದ್ದೂ ಆಯ್ತು. ಸಂಜೆ ಮಕ್ಕಳ ಡಾಕ್ಟ್ರು ಪ್ಯಾಕ್ ತಿರುಗಿಸಿ ನೋಡಿ, "ಇದು ಓಆರ್‌ಎಸ್ ಅಲ್ಲಪ್ಪ, ಸಕ್ಕರೆ ನೀರು. ಭೇದಿ ಜಾಸ್ತಿ ಆಗುತ್ತೆ" ಅಂದ್ರು. ಬಿಕಾಂ ಓದಿ, ದಿನಾ ಲೆಕ್ಕ ನೋಡೋ ನಾನು ಲೇಬಲ್ಲೇ ಓದಿರಲಿಲ್ಲ.

ಒಂದು ಚಿಟಿಕೆ ಉಪ್ಪು-ಸಕ್ಕರೆಯ ಲೆಕ್ಕ ಇಷ್ಟು ಮುಖ್ಯ ಯಾಕೆ?

ಕಾಲರಾ ಬಂದಾಗ ಕರುಳು ನೀರನ್ನ ಒಳಗೆ ಹಿಡಿದಿಟ್ಟುಕೊಳ್ಳೋದಿಲ್ಲ, ಹೊರಗೆ ಸುರಿಸುತ್ತೆ. ಬರೀ ನೀರು ಕುಡಿಸಿದ್ರೆ ಸಾಕಾಗಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ ಒಂದು ವಿವರಣೆ ಕೊಟ್ರು: ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಬಂದ್ರೆ ಮಾತ್ರ ತೆರೆಯೋ ಬಾಗಿಲಿದೆ. ಅವೆರಡೂ ಒಳಗೆ ಹೋದ್ರೆ ನೀರೂ ಹಿಂದೆಯೇ ಹೋಗುತ್ತೆ. ಕಾಲರಾದಲ್ಲೂ ಈ ಬಾಗಿಲು ಕೆಟ್ಟಿರೋದಿಲ್ಲ.

ಇದು ಲ್ಯಾಬ್‌ನ ಮಾತು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ರೋಗಿಗಳಿಗೆ ಈ ದ್ರಾವಣ ಕುಡಿಸಿ ನೋಡಿದ್ರು. ಡ್ರಿಪ್‌ನಲ್ಲಿ ಏರಿಸಬೇಕಾದ ದ್ರಾವಣ ಸುಮಾರು ಶೇ. 80ರಷ್ಟು ಕಡಿಮೆ ಸಾಕಾಯ್ತು. ಆದ್ರೂ ಅದು ತಜ್ಞರು, ನರ್ಸ್‌ಗಳು ಇರೋ ಆಸ್ಪತ್ರೆಯೊಳಗಿನ ಫಲಿತಾಂಶ. ಊರಿನವರ ಕೈಗೆ ಕೊಟ್ರೆ ನಡೆಯುತ್ತಾ?

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1971ರಲ್ಲಿ. ಬಾಂಗ್ಲಾ ಯುದ್ಧದಿಂದ ಓಡಿ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನ್‌ಗಾಂವ್‌ನಲ್ಲಿ ತುಂಬಿದ್ರು. ಕಾಲರಾ ಹಬ್ಬಿತು, ಡ್ರಿಪ್ ಬಾಟಲಿಗಳು ಮುಗೀತಾ ಬಂದ್ವು. ಡಾ. ದಿಲೀಪ್ ಮಹಾಲನಬೀಸ್ ಒಂದು ನಿರ್ಧಾರ ತಗೊಂಡ್ರು. ಲೀಟರ್‌ಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಡ್ರಮ್‌ಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರಿಗೇ "ಕುಡಿಸ್ತಾ ಇರಿ" ಅಂದ್ರು. ಮೊದಲು ನೂರಕ್ಕೆ 20ರಿಂದ 30 ಜನ ಸಾಯ್ತಿದ್ದ ಕಡೆ, ಇವರು ನೋಡಿಕೊಂಡವರಲ್ಲಿ ಸಾವು ಶೇ. 3.6ಕ್ಕೆ ಇಳೀತು.

ಅಂದ್ರೆ ಹೊಸ ಸಂಶೋಧನೆಗೆ ಕೊನೆಯ ಪರೀಕ್ಷೆ ಲ್ಯಾಬ್ ಅಲ್ಲ. ಒಬ್ಬ ಗಾಬರಿಯಾದ ತಾಯಿ ಅದನ್ನ ತಾನೇ ಸರಿಯಾಗಿ ಕೊಡೋಕಾಗುತ್ತಾ ಅನ್ನೋದೇ ಪರೀಕ್ಷೆ.

ನಾನು ಎಡವಿದ್ದೂ ಅಲ್ಲೇ. ಸಕ್ಕರೆ ಅತಿಯಾದ್ರೆ ಅದು ನೀರನ್ನ ಮೈಯಿಂದ ವಾಪಸ್ ಕರುಳಿಗೇ ಎಳೆಯುತ್ತೆ. ಸೂತ್ರ ಪಾಲಿಸದ ಪಾನೀಯಗಳು ಹೆಸರಲ್ಲಿ 'ಓಆರ್‌ಎಸ್' ಅಂತ ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ. ಕ್ರೇನ್ ಹೇಳಿ 65 ವರ್ಷ ಆದಮೇಲೆ! ಕೆಲವೇ ರೂಪಾಯಿಯ ಪುಡಿಗಿಂತ ಬಣ್ಣದ ಪ್ಯಾಕ್‌ನಲ್ಲಿ ಲಾಭ ಜಾಸ್ತಿ. ಈ ಲೆಕ್ಕ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಹಾಗಾಗಿ ಅಂಗಡಿಯಲ್ಲಿ "ಡಬ್ಲ್ಯುಎಚ್‌ಒ ಫಾರ್ಮುಲಾ ಪುಡಿ ಕೊಡಿ" ಅನ್ನಿ. ಇಡೀ ಪುಡಿಯನ್ನ ಪ್ಯಾಕೆಟ್ ಮೇಲೆ ಬರೆದಷ್ಟೇ ಕುಡಿಯೋ ನೀರಿಗೆ ಹಾಕಿ, 24 ಗಂಟೆಯಲ್ಲಿ ಮುಗಿಸಿ. ಮಗು ಮಂಕಾದ್ರೆ, ಮೂತ್ರ ನಿಂತ್ರೆ, ಮಲದಲ್ಲಿ ರಕ್ತ ಕಂಡ್ರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಅಕ್ಕನ ಮಗಳು ಈಗ ಆರಾಮಾಗಿದ್ದಾಳೆ. ಅಕ್ಕ ಮಾತ್ರ ಇವತ್ತಿಗೂ ನಾನು ತಂದ ಪ್ರತಿ ಪ್ಯಾಕೆಟ್ ತಿರುಗಿಸಿ ನೋಡ್ತಾಳೆ. ನೋಡ್ಲಿ ಬಿಡಿ. ಮುಂದಿನ ವಾರ ಸಿಗೋಣ.