ಗಬ್ಬದ ಹಸುವಿನ ಹಾಲು ಬತ್ತಿಸುವುದೇಕೆ?

ಏಳು ತಿಂಗಳು ತುಂಬಿದ ಗಬ್ಬದ ಹಸುವನ್ನು ಕರು ಹಾಕುವ ದಿನ ಹತ್ತಿರವಾಗುವವರೆಗೂ ಕರೆಯುತ್ತಲೇ ಇರುವ ರೈತರು ಅನೇಕರಿದ್ದಾರೆ. ದಿನಕ್ಕೆ ಮೂರು ನಾಲ್ಕು ಲೀಟರ್ ಹಾಲು ಡೇರಿಗೆ ಹೋಗುತ್ತಿರುವಾಗ ಅದನ್ನು ನಿಲ್ಲಿಸಲು ಯಾರಿಗೂ ಮನಸ್ಸು ಬಾರದು. ಹೊಟ್ಟೆಯಲ್ಲಿರುವ ಕರುವಿಗಾಗಿ ಹಾಲು ಬತ್ತಿಸಬೇಕೆಂದು ಹಿರಿಯರು ಹೇಳುತ್ತಾರೆ. ಅದು ನಿಜ, ಆದರೆ ಕೆಚ್ಚಲಿಗೂ ಈ ಬಿಡುವು ಅಷ್ಟೇ ಅಗತ್ಯವಾಗಿರುತ್ತದೆ.

ಕೆಚ್ಚಲಿನೊಳಗೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಗುಳ್ಳೆಗಳ ಒಳಮೈಯಲ್ಲಿರುವ ಜೀವಕೋಶಗಳು ರಕ್ತದಲ್ಲಿ ಬರುವ ಆಹಾರಾಂಶಗಳಿಂದ ಹಾಲನ್ನು ತಯಾರಿಸುತ್ತವೆ. ತಿಂಗಳುಗಟ್ಟಲೆ ದುಡಿದ ಈ ಕೋಶಗಳು ಮುಪ್ಪಾಗಿ ಸಾಯುತ್ತವೆ. ಅವುಗಳ ಸ್ಥಾನಕ್ಕೆ ಹೊಸವನ್ನು ಒದಗಿಸುವ ಮೂಲ, ಸ್ಟೆಮ್ ಸೆಲ್ ಎಂದು ಕರೆಯಲ್ಪಡುವ ಆಕರಕೋಶಗಳು. ಕಬ್ಬು ಕಡಿದ ಮೇಲೆ ಕೂಳೆಯ ಕಣ್ಣು ಚಿಗುರುವುದನ್ನು ಬಲ್ಲ ರೈತರಿಗೆ ಇದು ಹೊಸದೆನಿಸದು. ಚರ್ಮ, ಗೊರಸು, ಕರುಳಿನ ಒಳಪೊರೆ, ರಕ್ತ ಇವೆಲ್ಲವೂ ಹೀಗೆಯೇ ಹೊಸದಾಗುತ್ತಿರುತ್ತವೆ. ಇಲಿಯ ಹಾಲಿನ ಗ್ರಂಥಿಯಿಂದ ಬೇರ್ಪಡಿಸಿದ ಒಂದೇ ಒಂದು ಆಕರಕೋಶದಿಂದ ಮತ್ತೊಂದು ಇಲಿಯಲ್ಲಿ ಪೂರ್ಣ ಗ್ರಂಥಿ ಬೆಳೆಯುವುದನ್ನು 2006ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನ್‌ನ ವಿಜ್ಞಾನಿಗಳು ತೋರಿಸಿದರು.

ಹಾಲು ಕರೆಯುವುದನ್ನು ನಿಲ್ಲಿಸಿದಾಗ ಗುಳ್ಳೆಗಳ ಚೌಕಟ್ಟು ಬಹುಮಟ್ಟಿಗೆ ಉಳಿದು, ಒಳಗಿನ ಹಳೆಯ ಕೋಶಗಳು ಕಳಚಿ, ಹೊಸ ಕೋಶಗಳು ಬರುತ್ತವೆ. ಹೊರಗೆ ಸೊರಗಿದಂತೆ ಕಾಣುವ ಕೆಚ್ಚಲಿನಲ್ಲಿ ಮುಂದಿನ ಸೂಲಿನ ಹಾಲಿಗೆ ಸಿದ್ಧತೆ ನಡೆದಿರುತ್ತದೆ. ಬಿಡದೆ ಕರೆದರೆ ಹಳೆಯ ಕೋಶಗಳೇ ಹೆಚ್ಚಾಗಿ ಉಳಿದುಬಿಡುತ್ತವೆ.

ಅಮೆರಿಕದ ಟೆನೆಸೀಯಲ್ಲಿ ಒಂದೇ ರೂಪದ ಅವಳಿ ಹಸುಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ಬಿಡುವು ಕೊಡದ ಹಸುಗಳು ಎರಡನೆಯ ಸೂಲಿನಲ್ಲಿ ತಮ್ಮ ಅವಳಿಗಳ ಹಾಲಿನ ಶೇಕಡ 75ರಷ್ಟನ್ನು, ಮೂರನೆಯದರಲ್ಲಿ ಶೇಕಡ 62ರಷ್ಟನ್ನು ಮಾತ್ರ ಕೊಟ್ಟವು. ಮೇವು ಸಾಲದೆ ಹೀಗಾಗಿರಬಹುದೆಂಬ ಸಂಶಯಕ್ಕೆ ಇಂಗ್ಲೆಂಡಿನ ಪ್ರಯೋಗ ಉತ್ತರ ಕೊಟ್ಟಿತು. ಅಲ್ಲಿ ಒಂದೇ ಹಸುವಿನ ಅರ್ಧ ಕೆಚ್ಚಲನ್ನು ಬತ್ತಿಸಿ, ಉಳಿದರ್ಧವನ್ನು ಕರೆಯುತ್ತ ಹೋದರು. ತಿಂದ ಮೇವು ಒಂದೇ ಆದರೂ, ಕರು ಹಾಕಿದ ಮೇಲೆ ಬಿಡುವಿಲ್ಲದ ಅರ್ಧದಲ್ಲಿ ಹಾಲು ಕಡಿಮೆಯಾಯಿತು.

ಆಕರಕೋಶಗಳಿಗೂ ಮಿತಿಯುಂಟು. ತೀವ್ರವಾದ ಕೆಚ್ಚಲು ಬಾವಿನಿಂದ ಗುಳ್ಳೆಗಳೇ ನಾಶವಾದರೆ ಆ ಜಾಗದಲ್ಲಿ ನಾರಿನಂಥ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತದೆ. ಅಲ್ಲಿ ಹಾಲು ಮರಳಿ ಬಾರದು. ಸತ್ತ ಮೊಲೆಯಲ್ಲಿ ಹಾಲು ತರಿಸುವುದಾಗಿ ಹೇಳಿ ಮಾರುವ ಔಷಧಿಗಳಿಗೆ ಹಣ ಸುರಿಯುವುದು ವ್ಯರ್ಥ.

ಆದುದರಿಂದ ಕರು ಹಾಕುವುದಕ್ಕೆ ಸುಮಾರು 60 ದಿನ ಮುಂಚೆ ಹಾಲು ಬತ್ತಿಸತಕ್ಕದ್ದು. ಗರ್ಭ ಕಟ್ಟಿಸಿದ ದಿನಾಂಕವನ್ನು ಬರೆದಿಟ್ಟುಕೊಂಡರೆ ಲೆಕ್ಕ ಸುಲಭ: ಹಸುವಿನ ಗರ್ಭಾವಧಿ ಸುಮಾರು 280 ದಿನ, ಎಮ್ಮೆಯದು ಸುಮಾರು 310. ಹಾಲು ಹೆಚ್ಚಾಗಿದ್ದರೆ ಮೊದಲು ಹಿಂಡಿ, ಬೂಸ ಕಡಿಮೆ ಮಾಡಬೇಕು. ಕುಡಿಯುವ ನೀರನ್ನು ಮಾತ್ರ ಕಡಿಮೆ ಮಾಡಬಾರದು. ಕೊನೆಯ ಸಲ ಕೆಚ್ಚಲನ್ನು ಪೂರ್ತಿ ಬರಿದು ಮಾಡಿ, ಮೊಲೆಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಹಿಂದೆ ಬಾವು ಬಂದಿದ್ದ ಹಸುವಾದರೆ ಮೊಲೆಯೊಳಗೆ ಹಾಕುವ ಔಷಧಿಯ ಬಗ್ಗೆ ಪಶುವೈದ್ಯರನ್ನು ಕೇಳಬೇಕು. ನಂತರದ ಎರಡು ವಾರ ಸೋಂಕಿನ ಭಯ ಹೆಚ್ಚು. ಆಗ ಕೊಟ್ಟಿಗೆಯ ನೆಲ ಒಣಗಿರಲಿ. ದಿನಕ್ಕೊಮ್ಮೆ ಕೆಚ್ಚಲನ್ನು ಮುಟ್ಟಿ ನೋಡಿ, ಬಿಸಿ, ಊತ ಅಥವಾ ನೋವು ಕಂಡರೆ ಅಂದೇ ಪಶುವೈದ್ಯರಿಗೆ ತಿಳಿಸಬೇಕು.