ಲೀಟರಿಗೆ ಎಷ್ಟು ಕಿಲೋಮೀಟರು? ಕಾರು ಕೊಳ್ಳುವ ಮುನ್ನ ಒಂದು ಲೆಕ್ಕ



ಕೃಷಿ ಅಧಿಕಾರಿಗೆ ಕಾರಿನ ಗೊಡವೆ ಏಕೆ ಎಂದು ಕೇಳಬೇಡಿ. ಮೊನ್ನೆ ಮಣ್ಣಿನ ಮಾದರಿ ತೆಗೆಯಲು ಒಂದು ಊರಿಗೆ ಹೋಗಿದ್ದೆ. ತೋಟದ ಯಜಮಾನರೂ ಅವರ ಭಾವಮೈದುನರೂ ಮಣ್ಣನ್ನು ಮರೆತು ವಾದಕ್ಕೆ ನಿಂತಿದ್ದರು. ಅಡಿಕೆ ಮಾರಿದ ಹಣದಲ್ಲಿ ಜೀಪಿನ ಮಾದರಿಯ ಚಿಕ್ಕ ಕಾರು ಕೊಳ್ಳಬೇಕು, ಪೆಟ್ರೋಲಿನದೋ ಡೀಸೆಲಿನದೋ ಎಂಬುದೇ ಜಗಳ. "ಸಾರ್, ಡೀಸೆಲ್ ಗಾಡಿ ಲೀಟರಿಗೆ 23 ಕೊಡುತ್ತೆ ಅಂತ ಕಾಗದದಲ್ಲೇ ಬರೆದಿದ್ದಾರೆ. ನಮ್ಮ ಭಾವನಿಗೆ ನೀವಾದರೂ ಹೇಳಿ" ಎಂದರು ಮೈದುನ.

ಕಾಗದದಲ್ಲಿ ಬರೆದಿರುವುದು ನಿಜ. 2022ರಲ್ಲಿ ಹೊಸ ರೂಪದಲ್ಲಿ ಬಂದ ಮಾರುತಿ ಬ್ರೆಝಾ ಪೆಟ್ರೋಲ್ ಕಾರಿಗೆ, ಕೈಗೇರಿನ ಮಾದರಿಯಲ್ಲಿ, ಕಂಪನಿ ಹೇಳಿದ್ದು ಲೀಟರಿಗೆ 20.15 ಕಿ.ಮೀ. 2023ರ ಟಾಟಾ ನೆಕ್ಸಾನ್ ಡೀಸೆಲಿಗೆ 23.23 ಕಿ.ಮೀ. ಡೀಸೆಲ್ ಮುಂದಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಶಕ್ತಿ ಅಡಗಿದೆ. ಡೀಸೆಲ್ ಎಂಜಿನ್ನು ಆ ಶಕ್ತಿಯನ್ನು ಪೋಲು ಮಾಡುವುದೂ ಕಡಿಮೆ. ಆದರೆ ಈ ಅಂಕಿಗಳು ಬಂದದ್ದು ಪರೀಕ್ಷಾಲಯದಲ್ಲಿ, ಉರುಳೆಗಳ ಮೇಲೆ ಕಾರನ್ನು ನಿಲ್ಲಿಸಿ, ಎ.ಸಿ. ಹಾಕದೆ ಓಡಿಸಿದಾಗ. ಅಲ್ಲಿ ನಿಮ್ಮೂರಿನ ಗುಂಡಿಯಿಲ್ಲ, ಹಿಂದಿನ ಸೀಟಿನಲ್ಲಿ ಎರಡು ಮೂಟೆ ಹಿಂಡಿಯಿಲ್ಲ. ಸಂಶೋಧನಾ ಕೇಂದ್ರದ ತಾಕಿನಲ್ಲಿ ಬಂದ ಇಳುವರಿಯೇ ನಿಮ್ಮ ಹೊಲದಲ್ಲೂ ಬರುತ್ತದೆಂದು ನೀವು ನಂಬುತ್ತೀರಾ? ಇದೂ ಹಾಗೆಯೇ.

ನಿಜವಾದ ಮೈಲೇಜು ತಿಳಿಯಬೇಕೆಂದರೆ, ಅಂಥ ಕಾರು ಇಟ್ಟುಕೊಂಡಿರುವ ನೆಂಟರನ್ನು ಹಿಡಿಯಿರಿ. ಬೆಳಿಗ್ಗೆ ಬಂಕಿನಲ್ಲಿ ಎಣ್ಣೆ ತುಂಬಿಸಿ, ನಳಿಕೆ ತಾನಾಗಿ ಟಕ್ಕೆಂದು ನಿಂತೊಡನೆ ಸಾಕು ಎನ್ನಿ. ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ಮುನ್ನೂರು, ನಾನೂರು ಕಿಲೋಮೀಟರು ಎಂದಿನಂತೆ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಹಾಗೆಯೇ ತುಂಬಿಸಿ. ಮೊದಲು 12,400 ಇದ್ದ ಮೀಟರು ಈಗ 12,820 ತೋರಿಸಿ, 28 ಲೀಟರ್ ಹಿಡಿದಿದ್ದರೆ, 420ನ್ನು 28ರಿಂದ ಭಾಗಿಸಿ: ಲೀಟರಿಗೆ 15. ಒಂದೇ ಸಲಕ್ಕೆ ನಂಬಬೇಡಿ, ಎರಡು ಮೂರು ಸಲ ನೋಡಿ. ಟೈರಿನ ಗಾಳಿ ಕಡಿಮೆಯಿದ್ದರೆ ಲೆಕ್ಕ ಕೆಡುತ್ತದೆ. ಎರಡು ಕಾರುಗಳನ್ನು ತಾಳೆ ನೋಡುವಾಗ ದಾರಿಯೂ ಹೊರೆಯೂ ಒಂದೇ ಇರಲಿ. ಇನ್ನೊಂದು ಮಾತು: ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುತ್ತಾರೆ. ಎಥೆನಾಲಿನಲ್ಲಿ ಶಕ್ತಿ ಕಡಿಮೆ, ಆದ್ದರಿಂದ ಮೈಲೇಜು ತುಸು ಇಳಿಯುತ್ತದೆ. ಅದು ನಮ್ಮ ಕಬ್ಬು, ಮೆಕ್ಕೆಜೋಳದಿಂದಲೇ ಬರುವುದರಿಂದ ನಾವು ಹೆಚ್ಚು ಗೊಣಗುವಂತಿಲ್ಲ!

ಈಗ ಹಣದ ಮಾತು. ಮೈಲೇಜಿನಲ್ಲಿ ಗೆದ್ದ ಕಾರು ಜೇಬಿನಲ್ಲೂ ಗೆಲ್ಲಬೇಕೆಂದಿಲ್ಲ. ಲೆಕ್ಕದ ಅನುಕೂಲಕ್ಕೆ ಪೆಟ್ರೋಲ್ 100 ರೂ., ಡೀಸೆಲ್ 90 ರೂ. ಎನ್ನೋಣ. ನಿಮ್ಮ ದಾರಿಯಲ್ಲಿ ಪೆಟ್ರೋಲ್ ಕಾರು 15, ಡೀಸೆಲ್ ಕಾರು 18 ಕಿ.ಮೀ. ಕೊಟ್ಟಿತೆನ್ನೋಣ. ವರ್ಷಕ್ಕೆ 8,000 ಕಿ.ಮೀ. ಓಡಿದರೆ ಪೆಟ್ರೋಲಿಗೆ ಸುಮಾರು 53,300 ರೂ., ಡೀಸೆಲಿಗೆ 40,000 ರೂ. ಉಳಿತಾಯ 13,300. ಡೀಸೆಲ್ ಕಾರಿಗೆ ನೀವು 1,30,000 ರೂ. ಹೆಚ್ಚು ತೆತ್ತಿದ್ದರೆ, ಅದು ತೀರಲು ಹತ್ತಿರ ಹತ್ತು ವರ್ಷ ಬೇಕು. ಆ ಹೆಚ್ಚಿನ ಹಣವನ್ನು ಸಾಲ ತಂದಿದ್ದರಂತೂ, ಶೇ. 9ರ ಬಡ್ಡಿ ಹಿಡಿದರೂ ಮೊದಲ ವರ್ಷವೇ 11,700 ರೂ. ಬ್ಯಾಂಕಿಗೆ ಹೋಯಿತು. ಉಳಿದದ್ದೆಷ್ಟು? ವರ್ಷಕ್ಕೆ 20,000 ಕಿ.ಮೀ. ಓಡುವವರ ಮಾತೇ ಬೇರೆ. ಅವರಿಗೆ ವರ್ಷಕ್ಕೆ 33,000ಕ್ಕೂ ಮಿಕ್ಕಿ ಉಳಿಯುತ್ತದೆ, ನಾಲ್ಕು ವರ್ಷದಲ್ಲಿ ಅಸಲು ಕೈಸೇರುತ್ತದೆ. ನಿಮಗೆ ಹೇಳಿದ ಬೆಲೆಗಳನ್ನು ಹಾಕಿ ಇದನ್ನೇ ಮತ್ತೊಮ್ಮೆ ಗುಣಿಸಿ ನೋಡಿ.

ಶೋರೂಮಿನಲ್ಲಿ ಕೇಳದೆ ಯಾರೂ ಹೇಳದ ಸಂಗತಿಯೊಂದಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದನ್ನು ಇಟ್ಟಿರುತ್ತಾರೆ. ಹೊಗೆ ಚೆನ್ನಾಗಿ ಕಾದಾಗ ಅದರಲ್ಲಿನ ಮಸಿ ಸುಟ್ಟು ಹೋಗುತ್ತದೆ. ಕಾರು ದಿನಾ ಡೇರಿಗೂ ಸೊಸೈಟಿಗೂ ನಾಲ್ಕೈದು ಕಿ.ಮೀ. ಓಡಿ ನಿಂತುಬಿಟ್ಟರೆ ಹೊಗೆ ಕಾಯುವುದೇ ಇಲ್ಲ, ಜಾಲರಿ ಕಟ್ಟಿಕೊಳ್ಳುತ್ತದೆ. ಆಗ ಮುಂದಿನ ಫಲಕದಲ್ಲಿ ದೀಪ ಹತ್ತುತ್ತದೆ. ಕೈಪಿಡಿ ನೋಡಿಕೊಂಡು, ಕೂಡಲೇ ಹೆದ್ದಾರಿಗೆ ಒಯ್ದು ಒಂದೇ ವೇಗದಲ್ಲಿ ಇಪ್ಪತ್ತು ಮೂವತ್ತು ನಿಮಿಷ ಓಡಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನನ್ನ ಪರಿಚಯದ ರೈತರೊಬ್ಬರು ದೀಪಕ್ಕೆ ತಿಂಗಳುಗಟ್ಟಲೆ ಲಕ್ಷ್ಯ ಕೊಡದೆ, ಕೊನೆಗೆ ಗ್ಯಾರೇಜಿಗೆ ಕಟ್ಟಿದ ಹಣದಲ್ಲಿ ಒಂದು ಕರು ಬರುತ್ತಿತ್ತು.

ನಮ್ಮ ಯಜಮಾನರ ಓಡಾಟ ಕೇಳಿದೆ. ಪೇಟೆ ಆರು ಕಿ.ಮೀ., ವಾರಕ್ಕೆ ಎರಡು ಸಲ. ತಿಂಗಳಿಗೊಮ್ಮೆ ಮಗಳ ಊರು. ಬೆರಳು ಮಡಿಸಿ ಎಣಿಸಿದರೆ ವರ್ಷಕ್ಕೆ ಆರು ಸಾವಿರವೂ ಮುಟ್ಟಲಿಲ್ಲ. ಮೈದುನ ಮಾತ್ರ ವಾರದಲ್ಲಿ ನಾಲ್ಕು ದಿನ ಮಂಡಿಯಿಂದ ಮಂಡಿಗೆ ತಿರುಗುವವರು. "ಹಾಗಾದರೆ ಭಾವ, ಡೀಸೆಲ್ ಗಾಡಿ ನಾನೇ ತಗೋತೀನಿ, ನೀವು ಪೆಟ್ರೋಲಿಂದೇ ತಗೊಳ್ಳಿ" ಎಂದರು. ಆ ಮೇಲೆ ಮೂವರೂ ಮಣ್ಣು ತೆಗೆಯಲು ಹೊರಟೆವು.